ಕಾಣದ ದ್ರವ್ಯಕ್ಕೆ ಎರಡು ವರ್ಷದ ನೌಕರಿ



ನಮ್ಮ ವಿಜ್ಞಾನ ಭಾಷಣ ಮಾಲೆಯಲ್ಲಿ ಕಪ್ಪು ದ್ರವ್ಯದ ಬಗ್ಗೆ ಒಂದು ಕಾರ್ಯಕ್ರಮ ಮಾಡಬೇಕೆಂದು ಗೊತ್ತಾದ ದಿನ ಮೊದಲು ತಕರಾರು ತೆಗೆದವರು ನಮ್ಮ ಕ್ಯಾಮೆರಾಮನ್. "ಯಾರ ಕಣ್ಣಿಗೂ ಬೀಳದ್ದನ್ನು ನಾನು ಹೇಗೆ ಸಾರ್ ತೋರಿಸಲಿ?" ಎಂದರು. ಕೊನೆಗೆ ಅವರೇ ಒಂದು ಉಪಾಯ ಮಾಡಿ, ಹಿನ್ನೆಲೆಗೆ ಕಡುಗಪ್ಪು ಪರದೆ ಇಳಿಬಿಟ್ಟರು. ಭಾಷಣಕ್ಕೆ ಬಂದಿದ್ದ ವಿಜ್ಞಾನಿ ಅದನ್ನು ನೋಡಿ ನಕ್ಕುಬಿಟ್ಟರು. "ಈ ಪರದೆ ಬೆಳಕನ್ನು ಹೀರುತ್ತದೆ, ಅದಕ್ಕೇ ಕಪ್ಪಾಗಿ ಕಾಣುತ್ತದೆ. ನಮ್ಮ ದ್ರವ್ಯ ಬೆಳಕನ್ನು ಹೀರುವುದೂ ಇಲ್ಲ, ಚೆಲ್ಲುವುದೂ ಇಲ್ಲ, ತಡೆಯುವುದೂ ಇಲ್ಲ. ಕಪ್ಪು ಅನ್ನುವ ಹೆಸರೇ ತಪ್ಪು" ಎಂದು ಹೇಳಿ, ಮೇಕಪ್ ಕೋಣೆಯಿಂದ ನೀರಿನ ಚೊಂಬೊಂದನ್ನು ತರಿಸಿ, ನೀರು ಚೆಲ್ಲಿ, ಖಾಲಿ ಚೊಂಬನ್ನು ಮೇಜಿನ ಮೇಲೆ ಇಟ್ಟರು. ಕಾರ್ಯಕ್ರಮದುದ್ದಕ್ಕೂ ನೀವು ನೋಡಿದ್ದು ಆ ಚೊಂಬನ್ನೇ.

ಆ ಕಾರ್ಯಕ್ರಮ ಪ್ರಸಾರವಾದ ಹತ್ತು ದಿನಕ್ಕೆ ಒಂದು ಪತ್ರ ಬಂತು. ಬರೆದವರು ನಿವೃತ್ತ ಗಣಿತದ ಮೇಷ್ಟ್ರು. ಹೆಸರು, ಊರು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ. ಮೊದಲ ಪುಟದಲ್ಲಿ ನಮ್ಮ ತಪ್ಪನ್ನು ಹಿಡಿದಿದ್ದರು. ಭೂಮಿಯ ಗಾತ್ರದ ಜಾಗದಲ್ಲಿ ಯಾವುದೇ ಕ್ಷಣ ಇರುವ ಕಪ್ಪು ದ್ರವ್ಯವನ್ನೆಲ್ಲ ಒಟ್ಟುಮಾಡಿ ತಕ್ಕಡಿಗೆ ಹಾಕಿದರೆ ಅರ್ಧ ಕೆ.ಜಿ. ತೂಗೀತು ಎಂದು ಕಾರ್ಯಕ್ರಮದಲ್ಲಿ ಹೇಳಿದ್ದೆವು. ಮೇಷ್ಟ್ರು ಕಾಗದ ಪೆನ್ನು ಹಿಡಿದು ಕುಳಿತು ಲೆಕ್ಕ ಹಾಕಿದ್ದಾರೆ. ಒಂದು ಘನ ಸೆಂಟಿಮೀಟರಿನಲ್ಲಿ ಒಂದು ಪ್ರೋಟಾನಿನ ಮೂರನೇ ಒಂದು ಭಾಗದಷ್ಟು ದ್ರವ್ಯವೆಂದು ನಾವೇ ಹೇಳಿದ್ದರಿಂದ, ಭೂಮಿಯ ಗಾತ್ರದಿಂದ ಗುಣಿಸಿದರೆ 600 ಗ್ರಾಂ ಬರುತ್ತದೆ, ಅರ್ಧ ಕೆ.ಜಿ. ಅಲ್ಲ ಎಂದು ಬರೆದಿದ್ದರು. ಲೆಕ್ಕ ಸರಿಯಾಗಿದೆ, ಮೇಷ್ಟ್ರೇ. ನಾವು ಕೈ ಬಿಗಿ ಹಿಡಿದು ತೂಗಿದ್ದೆವು. ನಮ್ಮ ಸೌರಮಂಡಲದ ಆಸುಪಾಸಿನ ಈ ದ್ರವ್ಯದ ಅಂದಾಜಿನಲ್ಲಿಯೇ ಹೆಚ್ಚು ಕಡಿಮೆ ಇರುವುದರಿಂದ 600ರಿಂದ 800 ಗ್ರಾಂ ಎನ್ನುವುದು ಇನ್ನೂ ಸರಿ.

ಪತ್ರದ ಎರಡನೆಯ ಪುಟದ ಅಕ್ಷರ ಸ್ವಲ್ಪ ಬೇರೆಯಾಗಿತ್ತು, ಬೇರೆ ದಿನ ಬರೆದಂತೆ. ಅವರ ಮಗಳು ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿದ್ದಾಳೆ. ವಯಸ್ಸು 29. ಯೂರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಇದೇ ಕಪ್ಪು ದ್ರವ್ಯದ ಮೇಲೆ ಕೆಲಸ ಮಾಡಲು ಎರಡು ವರ್ಷದ ಪೋಸ್ಟ್‌ಡಾಕ್ ಅವಕಾಶ ಬಂದಿದೆ. ಊರಿನ ಹತ್ತಿರದ ಒಂದು ಪದವಿ ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸವೂ ಸಿಗುವಂತಿದೆ. "ಈ ಪೋಸ್ಟ್‌ಡಾಕ್ ಎನ್ನುವುದು ನೌಕರಿಯೋ, ಇನ್ನೂ ಓದೋ? ಆ ವಸ್ತುವೇ ಇಲ್ಲವೆಂದು ನಾಳೆ ಗೊತ್ತಾದರೆ ಇವಳ ಎರಡು ವರ್ಷದ ಗತಿ ಏನು? ಆಮೇಲೆ ಏನು? ಮಗಳನ್ನು ಕೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಅರ್ಧಕ್ಕೆ ನಿಲ್ಲಿಸುತ್ತಾಳೆ. ತಾವು ಕನ್ನಡದಲ್ಲಿ ಹೇಳಬೇಕು." ಹೀಗಿತ್ತು ಪತ್ರ. ಅವರಿಗೆ ಪ್ರತ್ಯೇಕವಾಗಿ ಉತ್ತರ ಬರೆದೆ. ಆದರೆ ಇಂಥ ಮನೆ ಅವರದೊಂದೇ ಆಗಿರಲಾರದು. ಅದಕ್ಕಾಗಿ ಈ ಮಾತುಗಳನ್ನು ಇಲ್ಲಿ ನಿಮ್ಮೆಲ್ಲರ ಮುಂದೆಯೂ ಇಡುತ್ತಿದ್ದೇನೆ.

ಮೊದಲ ಪ್ರಶ್ನೆಯ ಉತ್ತರ ಸುಲಭ. ಅದು ನೌಕರಿ. ಪಿಎಚ್.ಡಿ. ಎಂದರೆ ಒಬ್ಬ ಮಾರ್ಗದರ್ಶಕರ ಕೈಕೆಳಗೆ ಸಂಶೋಧನೆ ಮಾಡುವುದನ್ನು ಕಲಿಯುವುದು. ಅದು ಮುಗಿದ ಮೇಲೆ, ಯಾವ ಪರೀಕ್ಷೆಯೂ ಇಲ್ಲದೆ, ಯಾವ ಪದವಿಯೂ ಸಿಗದೆ, ಸಂಬಳ ಪಡೆದು ಪೂರ್ಣಾವಧಿ ಸಂಶೋಧನೆ ಮಾಡುವ ಎರಡು ಮೂರು ವರ್ಷದ ತಾತ್ಕಾಲಿಕ ಹುದ್ದೆಯೇ ಪೋಸ್ಟ್‌ಡಾಕ್. ನಮ್ಮಲ್ಲಿ ಇದಕ್ಕೆ ಸಮನಾದ ರಿಸರ್ಚ್ ಅಸೋಸಿಯೇಟ್ ಹುದ್ದೆಯ ಮೊದಲ ಹಂತಕ್ಕೆ ಕೇಂದ್ರ ಸರ್ಕಾರ 2023ರಲ್ಲಿ ನಿಗದಿ ಮಾಡಿದ ಫೆಲೋಶಿಪ್ ತಿಂಗಳಿಗೆ 58,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಕೇಳಿ ಬೆರಗಾಗುವ ಮೊತ್ತವಲ್ಲ, ಹಸಿದಿರುವ ಮೊತ್ತವೂ ಅಲ್ಲ. ಅರ್ಜಿ ಹಾಕುವ ಕಾಲ ಸಾಮಾನ್ಯವಾಗಿ ದಸರೆಯ ಹೊತ್ತಿಗೆ ಶುರುವಾಗುತ್ತದೆ. ಪ್ರಕಟಿಸಿದ ಪ್ರಬಂಧಗಳ ಪಟ್ಟಿ, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂಬ ಬರಹ, ಜೊತೆಗೆ ಬಲ್ಲವರಿಂದ ಮೂರು ಶಿಫಾರಸು ಪತ್ರ. ಒಳ್ಳೆಯ ಜಾಗವೊಂದಕ್ಕೆ ನೂರಾರು ಅರ್ಜಿ ಬರುವುದುಂಟು. ಆದ್ದರಿಂದ ಮೇಷ್ಟ್ರೇ, ಕರೆದು ಕೊಟ್ಟಿದ್ದಾರೆಂದರೆ ಅದು ಸಣ್ಣ ಮಾತಲ್ಲ. ಅಭ್ಯರ್ಥಿಗಳನ್ನು ಅವಸರಪಡಿಸಬಾರದೆಂದು, ಇಂಥ ದಿನಾಂಕದೊಳಗೆ ಒಪ್ಪಿಕೊಳ್ಳಲೇಬೇಕೆಂದು ಒತ್ತಾಯಿಸುವುದಿಲ್ಲವೆಂಬ ಒಡಂಬಡಿಕೆಯನ್ನು ಈ ಕ್ಷೇತ್ರದ ಬಹಳಷ್ಟು ಸಂಸ್ಥೆಗಳು ತಮ್ಮಲ್ಲೇ ಮಾಡಿಕೊಂಡಿವೆ. ಬಹು ವರ್ಷ ಆ ದಿನ ಜನವರಿ 7 ಆಗಿತ್ತು. ಮನೆಯಲ್ಲಿ ಕುಳಿತು ಮಾತಾಡಲು ಸಮಯವಿರಲಿ ಎಂದು ಯೋಚಿಸಿದವರೂ ಅಲ್ಲಿದ್ದಾರೆ.

ಎರಡನೆಯ ಪ್ರಶ್ನೆಗೆ ಬರೋಣ. ನನಗೆ ಹೆಚ್ಚು ಹೇಳಬೇಕಾದದ್ದು ಇದರ ಬಗ್ಗೆಯೇ.

ಯಾರೂ ಕಾಣದ ವಸ್ತು ಇದೆಯೆಂದು ಇವರು ನಂಬುವುದಾದರೂ ಹೇಗೆ? 1933ರಲ್ಲಿ ಫ್ರಿಟ್ಸ್ ಜ್ವಿಕಿ ಎಂಬ ಸ್ವಿಸ್ ಮೂಲದ ಖಗೋಳವಿಜ್ಞಾನಿ ಕೋಮಾ ಎಂಬ ಗೆಲಾಕ್ಸಿಗಳ ಗುಂಪನ್ನು ಗಮನಿಸಿದರು. ಅವು ಎಷ್ಟು ವೇಗದಲ್ಲಿ ಓಡಾಡುತ್ತಿದ್ದವೆಂದರೆ, ಕಾಣುವ ನಕ್ಷತ್ರಗಳ ಗುರುತ್ವ ಮಾತ್ರ ಇದ್ದಿದ್ದರೆ ಆ ಗುಂಪು ಎಂದೋ ಚದುರಿಹೋಗಬೇಕಿತ್ತು. ಕಾಣದ ಏನೋ ಹಿಡಿದಿಟ್ಟಿದೆ ಎಂದರು. ಅವರ ಮಾತನ್ನು ಸುಮಾರು ನಾಲ್ಕು ದಶಕ ಹೆಚ್ಚು ಮಂದಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಮಾತಿಗೆ ಬಲ ಬಂದದ್ದು ವೆರಾ ರೂಬಿನ್ ಅವರಿಂದ. ಅವರ ಕೆಲಸವನ್ನು ತಿಳಿಯಲು ನಮ್ಮ ಊರಿನ ಒಕ್ಕಣೆಯ ಕಣವನ್ನು ನೆನಪು ಮಾಡಿಕೊಳ್ಳಿ. ನಡುವೆ ಮೇಟಿ ಕಂಬ, ಅದಕ್ಕೆ ಸಾಲಾಗಿ ಕಟ್ಟಿದ ಹಂತಿ ಎತ್ತುಗಳು. ಮೇಟಿಯ ಮಗ್ಗುಲಿನ ಎತ್ತು ನಿಂತಲ್ಲೇ ತಿರುಗಿದಂತೆ ತಿರುಗುತ್ತದೆ, ಹೊರ ಅಂಚಿನದು ದಾಪುಗಾಲು ಹಾಕಬೇಕು. ಸೌರಮಂಡಲದಲ್ಲಿ ಇದು ತಿರುವುಮುರುವು. ಅಲ್ಲಿ ಹಗ್ಗವಿಲ್ಲ, ಇರುವುದು ಸೂರ್ಯನ ಗುರುತ್ವ. ದೂರ ಹೋದಂತೆ ಅದು ಸಡಿಲವಾಗುತ್ತದೆ. ಹತ್ತಿರದ ಬುಧ ಸೆಕೆಂಡಿಗೆ 47 ಕಿ.ಮೀ. ಓಡಿದರೆ, ಭೂಮಿ 30, ಬಹುದೂರದ ನೆಪ್ಚೂನ್ ಬರೀ 5.4. ಗೆಲಾಕ್ಸಿಯಲ್ಲೂ ಬೆಳಕಿನ ಬಹುಪಾಲು ನಡುವೆಯೇ ಇರುವುದರಿಂದ, ಅಂಚಿನ ನಕ್ಷತ್ರಗಳು ನೆಪ್ಚೂನಿನ ಹಾಗೆ ನಿಧಾನವಾಗಿರಬೇಕು ಎಂದು ಎಲ್ಲರೂ ಎಣಿಸಿದ್ದರು. ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯನ್ನು ಅಳೆದು 1970ರಲ್ಲಿ ಪ್ರಕಟಿಸಿದರು. ಅಂಚಿನಲ್ಲೂ ವೇಗ ಇಳಿದಿರಲಿಲ್ಲ. ಮುಂದಿನ ವರ್ಷಗಳಲ್ಲಿ ಗೆಲಾಕ್ಸಿಯ ಮೇಲೆ ಗೆಲಾಕ್ಸಿ ಅಳೆದರು. ಎಲ್ಲ ಕಡೆ ಅದೇ ಕಥೆ. ಕಾಣುವ ಗೆಲಾಕ್ಸಿಯ ಸುತ್ತ, ಅದಕ್ಕಿಂತ ಎಷ್ಟೋ ದೊಡ್ಡದಾದ ಕಾಣದ ದ್ರವ್ಯದ ಗೋಳ ಇದ್ದರೆ ಮಾತ್ರ ಈ ಲೆಕ್ಕ ಹೊಂದುತ್ತದೆ.

ರೂಬಿನ್ ಅವರ ಬಗ್ಗೆ ಇನ್ನೊಂದು ಮಾತು. ಅವರು ಪಿಎಚ್.ಡಿ. ಮಾಡಿದ್ದು ರಾತ್ರಿ ತರಗತಿಗಳಲ್ಲಿ, ಮಕ್ಕಳು ಚಿಕ್ಕವರಿದ್ದಾಗ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಪತಿ ಕರೆದೊಯ್ದು ಬಿಟ್ಟು, ತರಗತಿ ಮುಗಿಯುವವರೆಗೆ ಕಾರಿನಲ್ಲೇ ಕುಳಿತು ರಾತ್ರಿಯೂಟ ಮಾಡುತ್ತಿದ್ದರಂತೆ. ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡವರು ಆಕೆಯ ತಂದೆತಾಯಿ. ಆಕೆ 2016ರಲ್ಲಿ ತೀರಿಕೊಂಡರು, ನೊಬೆಲ್ ಬಂದಿರಲಿಲ್ಲ. ಚಿಲಿ ದೇಶದ ಬೆಟ್ಟದ ಮೇಲೆ ಕಟ್ಟಿರುವ ಬೃಹತ್ ವೀಕ್ಷಣಾಲಯಕ್ಕೆ ಆಕೆಯ ಹೆಸರಿಟ್ಟಿದ್ದಾರೆ. ಅದರ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಬಂದವು.

ಈಗ ವಿಶ್ವದ ಒಟ್ಟು ಜಮಾಖರ್ಚು ಹೀಗಿದೆ. ಪ್ಲ್ಯಾಂಕ್ ಎಂಬ ಯೂರೋಪಿನ ಉಪಗ್ರಹ ವಿಶ್ವದ ಬಾಲ್ಯದ ಬೆಳಕನ್ನು ಅಳೆದು ಕೊಟ್ಟ ಲೆಕ್ಕದಂತೆ, ನಾವು ನೀವು, ಮಣ್ಣು ಕಲ್ಲು, ಸೂರ್ಯ ನಕ್ಷತ್ರ ಎಲ್ಲ ಸೇರಿ ಶೇಕಡ 5. ಕಪ್ಪು ದ್ರವ್ಯ ಶೇಕಡ 27. ಉಳಿದದ್ದು ಕಪ್ಪು ಚೈತನ್ಯ ಎಂಬ ಇನ್ನೊಂದು ಒಗಟು. ಅದರ ತಂಟೆಗೆ ಈ ಹೊತ್ತು ಹೋಗುವುದು ಬೇಡ.

ಇಷ್ಟೆಲ್ಲ ಸಾಕ್ಷಿ ಇದ್ದೂ ಮೇಷ್ಟ್ರ ಅನುಮಾನ ನ್ಯಾಯವಾದದ್ದೇ. ಏಕೆಂದರೆ ವಿಜ್ಞಾನದ ಚರಿತ್ರೆಯಲ್ಲಿ ಇಂಥ ಪ್ರಸಂಗ ಎರಡು ರೀತಿಯಲ್ಲಿ ಮುಗಿದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೇನಸ್ ಗ್ರಹ ಲೆಕ್ಕದ ದಾರಿ ತಪ್ಪಿ ಚಲಿಸುತ್ತಿತ್ತು. ಆಚೆ ಕಾಣದ ಗ್ರಹವೊಂದು ಎಳೆಯುತ್ತಿದೆ ಎಂದು ಫ್ರಾನ್ಸಿನ ಲೆವೆರಿಯೇ ಲೆಕ್ಕ ಹಾಕಿ ಹೇಳಿದರು. 1846ರಲ್ಲಿ ಅವರು ಹೇಳಿದ ಜಾಗದ ಹತ್ತಿರವೇ ನೆಪ್ಚೂನ್ ಸಿಕ್ಕಿತು. ಅದೇ ಲೆವೆರಿಯೇ ಬುಧನ ದಾರಿಯಲ್ಲೂ ಒಂದು ತಪ್ಪು ಕಂಡರು. ಸೂರ್ಯನ ಪಕ್ಕದಲ್ಲಿ ಇನ್ನೊಂದು ಕಾಣದ ಗ್ರಹವಿದೆ ಎಂದರು. ಅದಕ್ಕೆ ವಲ್ಕನ್ ಎಂದು ಹೆಸರನ್ನೂ ಇಟ್ಟಾಯಿತು. ದಶಕಗಳ ಕಾಲ ಹುಡುಕಿದರು, ಸಿಗಲಿಲ್ಲ. ಅಲ್ಲಿ ಗ್ರಹವೇ ಇರಲಿಲ್ಲ. ತಪ್ಪು ನ್ಯೂಟನ್ನರ ಗುರುತ್ವ ನಿಯಮದಲ್ಲೇ ಇತ್ತು. 1915ರಲ್ಲಿ ಐನ್‌ಸ್ಟೈನರ ಹೊಸ ಸಿದ್ಧಾಂತ ಬುಧನ ಲೆಕ್ಕವನ್ನು ಸರಿಮಾಡಿತು.

ಕಪ್ಪು ದ್ರವ್ಯ ನೆಪ್ಚೂನೋ, ವಲ್ಕನ್ನೋ? ಗುರುತ್ವದ ನಿಯಮವನ್ನೇ ತಿದ್ದೋಣ ಎಂದು ಇಸ್ರೇಲಿನ ಮಿಲ್‌ಗ್ರೋಮ್ 1983ರಲ್ಲೇ ಸೂಚಿಸಿದ್ದರು. ಒಂದೊಂದು ಗೆಲಾಕ್ಸಿಯ ಮಟ್ಟಿಗೆ ಆ ಸೂತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಗೆಲಾಕ್ಸಿಗಳ ಗುಂಪು, ವಿಶ್ವದ ಬಾಲ್ಯದ ಬೆಳಕು ಇವುಗಳ ಮುಂದೆ ಅದು ತಡವರಿಸುತ್ತದೆ. 2006ರಲ್ಲಿ ಬುಲೆಟ್ ಕ್ಲಸ್ಟರ್ ಎಂಬ, ಒಂದಕ್ಕೊಂದು ಡಿಕ್ಕಿ ಹೊಡೆದ ಎರಡು ಗುಂಪುಗಳ ಅಧ್ಯಯನ ಬಂತು. ಅಲ್ಲಿ ಕಾಣುವ ಅನಿಲ ನಡುವೆ ಸಿಕ್ಕಿಕೊಂಡಿದೆ, ಗುರುತ್ವದ ಬಹುಪಾಲು ಮಾತ್ರ ಅನಿಲವನ್ನು ಬಿಟ್ಟು ಮುಂದಕ್ಕೆ ಹೋಗಿದೆ. ಹೀಗಾಗಿ ಹೆಚ್ಚಿನ ವಿಜ್ಞಾನಿಗಳು ನೆಪ್ಚೂನಿನ ಕಡೆ. ನನಗೂ ಹಾಗೆಯೇ ಅನ್ನಿಸುತ್ತದೆ, ಬರೀ ಬಿ.ಎಸ್ಸಿ. ಓದಿದ ನನ್ನ ಅನ್ನಿಸಿಕೆಗೆ ಎಷ್ಟು ಬೆಲೆಯೋ ಅಷ್ಟು.

ಹಾಗಾದರೆ ಮೇಷ್ಟ್ರ ಮಗಳು ಬೆಳಿಗ್ಗೆ ಹೋಗಿ ಸಂಜೆಯವರೆಗೆ ಏನು ಮಾಡುತ್ತಾಳೆ? ಸೈದ್ಧಾಂತಿಕ ವಿಜ್ಞಾನಿಗೆ ಪ್ರಯೋಗಶಾಲೆ ಇಲ್ಲ. ಕಪ್ಪು ಹಲಗೆ, ಕಾಗದ, ಕಂಪ್ಯೂಟರ್, ಮಾತಾಡಲು ನಾಲ್ಕು ಜನ. ಜಗತ್ತಿನ ಬೇರೆ ಬೇರೆ ಕಡೆಯವರು ತಮ್ಮ ಪ್ರಬಂಧಗಳನ್ನು ಅಚ್ಚಾಗುವ ಮೊದಲೇ ಎಲ್ಲರಿಗೂ ಸಿಗುವಂತೆ ಇಡುವ ಆರ್ಕೈವ್ ಎಂಬ ವ್ಯವಸ್ಥೆ 1991ರಿಂದ ಇದೆ. ಬೆಳಗಿನ ಕಾಫಿಯ ಜೊತೆ ಅದನ್ನು ನೋಡುವುದು, ನಾನು ಮಾಡುತ್ತಿರುವುದನ್ನು ಬೇರೆಯವರು ಆಗಲೇ ಮಾಡಿಬಿಟ್ಟರೇ ಎಂಬ ಸಣ್ಣ ಭಯದೊಂದಿಗೆ. ಆಮೇಲೆ ಲೆಕ್ಕ.

ಲೆಕ್ಕವೆಂದರೆ ಎಂಥದ್ದು? ಒಂದು ಮಾದರಿ ಹೇಳುತ್ತೇನೆ. ಕಪ್ಪು ದ್ರವ್ಯ ಒಂದು ಬಗೆಯ ಕಣ ಎಂದು ಭಾವಿಸಿ. (ಒಕ್ಕಣೆಯ ಕಣವಲ್ಲ, ಅಣುವಿಗಿಂತ ಸಣ್ಣ ಕಣ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು.) ವಿಶ್ವ ಎಳೆಯದಾಗಿ, ಬಿಸಿಯಾಗಿ, ಇಕ್ಕಟ್ಟಾಗಿದ್ದಾಗ ಈ ಕಣಗಳು ಜೋಡಿಯಾಗಿ ಸೇರಿ ನಾಶವಾಗುತ್ತಿದ್ದವು. ವಿಶ್ವ ಹಿಗ್ಗುತ್ತ ಹೋಯಿತು. ಜಾತ್ರೆಯ ನೂಕುನುಗ್ಗಲಿನಲ್ಲಿ ಹೆಜ್ಜೆಗೊಬ್ಬ ಪರಿಚಿತರು ಎದುರಾಗುತ್ತಾರೆ, ಜಾತ್ರೆ ಕರಗಿದ ಮೇಲೆ ಬಯಲಿನಲ್ಲಿ ಯಾರಿಗೆ ಯಾರೂ ಸಿಗುವುದಿಲ್ಲ. ಹಾಗೆ ಒಂದಕ್ಕೊಂದು ಸಿಗದೆ ಉಳಿದವೇ ಇಂದಿನ ಕಪ್ಪು ದ್ರವ್ಯ. ಕಣಗಳಿಗೆ ಒಂದರ ಮೇಲೊಂದಕ್ಕೆ ಹೆಚ್ಚು ಹತ್ತುವ ಗುಣವಿದ್ದರೆ ಉಳಿಯುವುದು ಕಡಿಮೆ, ಗುಣ ಕಡಿಮೆಯಿದ್ದರೆ ಉಳಿಯುವುದು ಹೆಚ್ಚು. ಎಷ್ಟು ಹತ್ತಿದರೆ ಸರಿಯಾಗಿ ಶೇಕಡ 27 ಉಳಿದೀತು? ಅದೇ ಗುಣ ಇದ್ದರೆ ಇಂದು ಭೂಮಿಯ ಮೇಲಿನ ಉಪಕರಣದಲ್ಲಿ ವರ್ಷಕ್ಕೆ ಎಷ್ಟು ಸಲ ತಾಕೀತು? ಇದು ಲೆಕ್ಕ. ಕಣ ಬಹಳ ಭಾರವಿರಬಹುದು, ಇಲ್ಲವೆ ಆಕ್ಸಿಯಾನ್ ಎಂಬ ಊಹೆಯ ಕಣದಂತೆ ಇಲೆಕ್ಟ್ರಾನಿಗಿಂತಲೂ ಎಷ್ಟೋ ಪಟ್ಟು ಹಗುರವಿರಬಹುದು. ಒಂದೊಂದಕ್ಕೂ ಬೇರೆ ಲೆಕ್ಕ, ಹುಡುಕಲು ಬೇರೆ ಜಾಗ.

ಜಾಗ ಎಂದೆ. ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟವಾದದ್ದು. ನ್ಯೂಟ್ರಾನ್ ನಕ್ಷತ್ರವೆಂದರೆ ಸೂರ್ಯನಿಗಿಂತ ಹೆಚ್ಚು ಭಾರ, ಗಾತ್ರದಲ್ಲಿ ಬೆಂಗಳೂರಿನಷ್ಟು. ಅದರ ಮೇಲೆ ಬೀಳುವ ಕಪ್ಪು ದ್ರವ್ಯದ ಕಣ ಬೆಳಕಿನ ಅರ್ಧಕ್ಕೂ ಹೆಚ್ಚು ವೇಗ ಪಡೆದು ಅಪ್ಪಳಿಸುತ್ತದೆ. ಅದು ಒಳಗೆ ಸಿಕ್ಕಿಬಿದ್ದರೆ ನಕ್ಷತ್ರ ಸ್ವಲ್ಪ ಬಿಸಿಯಾಗಲೇಬೇಕು. ಹಾಗಿದ್ದರೆ ಎಂದೋ ತಣ್ಣಗಾಗಬೇಕಿದ್ದ ಮುದಿ ನಕ್ಷತ್ರವೂ ಸುಮಾರು 1,700 ಕೆಲ್ವಿನ್‌ನಷ್ಟು ಬೆಚ್ಚಗೆ ಇರಬೇಕು, ಅವಕೆಂಪು ದೂರದರ್ಶಕದಿಂದ ಅದನ್ನು ಹುಡುಕಬಹುದು ಎಂದು 2017ರಲ್ಲಿ ಕೆಲವು ತರುಣ ಸಿದ್ಧಾಂತಿಗಳು ತೋರಿಸಿದರು. ಒಂದು ರೂಪಾಯಿಯ ಉಪಕರಣ ಕಟ್ಟದೆ, ಆಕಾಶದಲ್ಲಿ ಆಗಲೇ ಇರುವ ನಕ್ಷತ್ರವನ್ನೇ ಉಪಕರಣ ಮಾಡಿದರು ನೋಡಿ. ಅವರಲ್ಲೊಬ್ಬರು ಆಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಬಂದರು.

ಉಪಕರಣ ಕಟ್ಟುವವರು ಮಾಡುವುದು ಬೇರೆ. ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲ ತಪ್ಪಿಸಲು ಅವರು ನೆಲದ ಆಳಕ್ಕೆ ಇಳಿಯುತ್ತಾರೆ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಹೋಮ್‌ಸ್ಟೇಕ್ ಎಂಬ ಹಳೆಯ ಚಿನ್ನದ ಗಣಿ. ಅದರೊಳಗೆ ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ 10 ಟನ್ ದ್ರವ ಕ್ಸೆನಾನ್ ತುಂಬಿದ ತೊಟ್ಟಿ ಇಟ್ಟು ಕಾಯುತ್ತಿದ್ದಾರೆ. ಕಣವೊಂದು ಕ್ಸೆನಾನಿಗೆ ತಾಕಿದರೆ ಮಿಣುಕು ಬೆಳಕು ಬರಬೇಕು. 280 ದಿನದ ಫಲಿತಾಂಶವನ್ನು 2024ರಲ್ಲಿ ಹೇಳಿದರು. ಕಪ್ಪು ದ್ರವ್ಯದ ಮಿಣುಕು ಇಲ್ಲ.

ಚಿನ್ನದ ಗಣಿ ಎಂದಾಗ ನಿಮಗೆ ನಮ್ಮ ಕೋಲಾರದ ನೆನಪಾಗಿರಬೇಕು. ಆಗಲೇಬೇಕು. ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ, ಯಾವುದಕ್ಕೂ ಹತ್ತದ ಕಣವನ್ನು 1965ರಲ್ಲಿ ಜಗತ್ತಿನಲ್ಲೇ ಮೊದಲು ಹಿಡಿದವರ ಸಾಲಿನಲ್ಲಿ ಕೆ.ಜಿ.ಎಫ್. ಗಣಿಯ 7,600 ಅಡಿ ಆಳದಲ್ಲಿ ಕೆಲಸ ಮಾಡಿದ ತಂಡವಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಜ್ಞಾನಿಗಳು ಸೇರಿ ಮಾಡಿದ ಕೆಲಸ. ನ್ಯೂಟ್ರಿನೋ ಇರಬೇಕೆಂದು ಪೌಲಿ ಬರೀ ಲೆಕ್ಕದಿಂದ ಹೇಳಿದ್ದು 1930ರಲ್ಲಿ, ಅದು ಪ್ರಯೋಗದಲ್ಲಿ ಮೊದಲು ಸಿಕ್ಕಿದ್ದು 1956ರಲ್ಲಿ. ನಡುವೆ 26 ವರ್ಷ. ಅಷ್ಟು ವರ್ಷ ಅದೂ ಯಾರೂ ಕಾಣದ ವಸ್ತುವೇ.

ಕೋಲಾರದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಉಪಕರಣಗಳಲ್ಲಿ ಯಾವ ಲೆಕ್ಕಕ್ಕೂ ಹೊಂದದ ಕೆಲವು ಜಾಡುಗಳು ದಾಖಲಾಗಿದ್ದವು. 1975ರಲ್ಲಿ ಅವು ವರದಿಯಾದವು. ಭೌತವಿಜ್ಞಾನಿಗಳು ಅವನ್ನು ಕೋಲಾರ್ ಈವೆಂಟ್ಸ್ ಎಂದೇ ಕರೆದರು. ಅರ್ಥ ಯಾರಿಗೂ ಗೊತ್ತಾಗಲಿಲ್ಲ. ಸುಮಾರು ನಾಲ್ಕು ದಶಕದ ಮೇಲೆ, 2013ರಲ್ಲಿ, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಒಂದು ಪ್ರಬಂಧ ಬರೆದರು. ಪ್ರೋಟಾನಿನ ಐದರಿಂದ ಹತ್ತು ಪಟ್ಟು ತೂಕದ ಕಪ್ಪು ದ್ರವ್ಯದ ಕಣ ತಾನಾಗಿ ಒಡೆದು ಇಂಥ ಜಾಡು ಮೂಡಿಸಿರಬಹುದೇ ಎಂಬುದು ಅವರ ಪ್ರಶ್ನೆ. ಇದು ಎಲ್ಲರೂ ಒಪ್ಪಿದ ತೀರ್ಮಾನವಲ್ಲ, ಒಂದು ಸೂಚನೆ ಅಷ್ಟೇ. ಆದರೆ ಹಳೆಯ ದಾಖಲೆ ಎಷ್ಟು ಕಾಲ ಜೀವಂತವಾಗಿರುತ್ತದೆ ಎಂಬುದನ್ನು ಗಮನಿಸಿ.

ನಮ್ಮ ಗಣಿ 2001ರಲ್ಲಿ ಮುಚ್ಚಿತು. ಹೋಮ್‌ಸ್ಟೇಕ್ ಮುಚ್ಚಿದ್ದು 2002ರಲ್ಲಿ, ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಎರಡರಲ್ಲೂ ನೀರು ತುಂಬಿತು. ಅವರು ನೀರನ್ನು ಪಂಪು ಮಾಡಿ ತೆಗೆದು ಪ್ರಯೋಗಾಲಯ ಮಾಡಿದರು. ನಮ್ಮಲ್ಲಿ ಆ ಕೆಲಸ ಆಗಲಿಲ್ಲ. ಜಾರ್ಖಂಡದ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ 2017ರಲ್ಲಿ ಒಂದು ಸಣ್ಣ ಪ್ರಯೋಗಾಲಯ ಆರಂಭವಾಯಿತು, ಕಪ್ಪು ದ್ರವ್ಯದ ಹುಡುಕಾಟಕ್ಕೇ ಎಂದು. ಸಂತೋಷ. ಆದರೂ ಕೋಲಾರದ ಆಳಕ್ಕೆ ಅದು ಕಾಲು ಭಾಗವೂ ಅಲ್ಲ.

ಈಗ ಮೇಷ್ಟ್ರ ಪ್ರಶ್ನೆಗೆ ನೇರ ಉತ್ತರ. ಆ ಕಣ ಇಲ್ಲವೆಂದಾದರೆ? ಡಕೋಟಾದ ತೊಟ್ಟಿಯಲ್ಲಿ "ಇಲ್ಲ" ಎಂದು ಬಂದ ಫಲಿತಾಂಶ ಸೋಲು ಎಂದು ಪತ್ರಿಕೆಗಳು ಬರೆಯುವುದುಂಟು. ಸಿದ್ಧಾಂತಿಗೆ ಅದು ಬೇರೆ. ಇಷ್ಟು ತೂಕದ, ಇಷ್ಟು ಹತ್ತುವ ಗುಣದ ಕಣ ಇಲ್ಲ ಎಂದು ಗೊತ್ತಾದಾಗ, ಹತ್ತಾರು ಮಾದರಿಗಳು ಒಂದೇ ದಿನ ಬಿದ್ದುಹೋಗುತ್ತವೆ, ಉಳಿದವುಗಳ ಕಡೆ ಗಮನ ಹೋಗುತ್ತದೆ. ಮೇಷ್ಟ್ರು ಪಾಠ ಮಾಡಿದ ಬೀಜಗಣಿತದಲ್ಲೂ, ಈ ಸಮೀಕರಣಕ್ಕೆ ಪೂರ್ಣಾಂಕದ ಪರಿಹಾರವಿಲ್ಲ ಎಂದು ತೋರಿಸಿದ ಹುಡುಗನಿಗೆ ಪೂರ್ತಿ ಅಂಕ ಕೊಟ್ಟಿರುತ್ತಾರೆ. ಹಾಗೆಂದು ನಾನು ಬಣ್ಣ ಬಳಿಯುವುದಿಲ್ಲ. ಎರಡು ವರ್ಷ ಒಂದು ಮಾದರಿಯ ಮೇಲೆ ದುಡಿದು, ಮೂರನೆಯ ವರ್ಷ ಒಂದು ಪ್ರಯೋಗ ಅದನ್ನು ಒರೆಸಿ ಹಾಕಿದಾಗ ಆಗುವ ಬೇಸರ ನಿಜವಾದದ್ದು. ನಮ್ಮ ಭಾಷಣಕಾರರೇ, ಕ್ಯಾಮೆರಾ ನಿಂತ ಮೇಲೆ, ತಮ್ಮ ಎರಡು ಪ್ರಬಂಧಗಳು ಹಾಗೆ ಹೋದದ್ದನ್ನು ಹೇಳಿದರು. "ಲೆಕ್ಕ ತಪ್ಪಾಗಿರಲಿಲ್ಲ, ವಿಶ್ವ ಹಾಗೆ ಇರಲಿಲ್ಲ, ಅಷ್ಟೇ" ಎಂದರು. ಆ ಮಾತು ಟೇಪಿನಲ್ಲಿ ಇಲ್ಲ. ಇದ್ದಿದ್ದರೆ ಅದನ್ನೇ ಮೊದಲು ಹಾಕುತ್ತಿದ್ದೆ.

ಉಳಿದದ್ದು, ಆಮೇಲೆ ಏನು ಎಂಬುದು. ಇಲ್ಲಿ ನಾನು ಧೈರ್ಯ ಹೇಳಲಾರೆ. ಎರಡು ವರ್ಷ ಮುಗಿದ ಮೇಲೆ ಇನ್ನೊಂದು ಪೋಸ್ಟ್‌ಡಾಕ್, ಬೇರೆ ದೇಶ, ಮತ್ತೆ ಪೆಟ್ಟಿಗೆ ಕಟ್ಟುವುದು. ಕೆಲವರಿಗೆ ಮೂರನೆಯದೂ ಆಗುತ್ತದೆ. ಖಾಯಂ ಹುದ್ದೆಗಳು ಪೋಸ್ಟ್‌ಡಾಕ್‌ಗಳಿಗಿಂತ ಬಹಳ ಕಡಿಮೆ. ಎಲ್ಲರಿಗೂ ಸಿಗುವುದಿಲ್ಲ. ಸಿಗದವರು ಉಪವಾಸ ಬೀಳುವುದಿಲ್ಲ. ಲೆಕ್ಕ ಮತ್ತು ಕಂಪ್ಯೂಟರ್ ಬಲ್ಲವರಿಗೆ ಬ್ಯಾಂಕು, ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಲ್ಲಿಗಿಂತ ಹೆಚ್ಚು ಸಂಬಳವೇ ಬರುತ್ತದೆ. ಆದರೆ ಇಷ್ಟಪಟ್ಟ ಕೆಲಸ ಬಿಟ್ಟು ಹೋಗುವ ನೋವು ಸಂಬಳದಿಂದ ತೀರುವಂಥದ್ದಲ್ಲ. ಮದುವೆ, ಮಕ್ಕಳು, ವಯಸ್ಸಾದ ತಂದೆತಾಯಿ, ಇವೆಲ್ಲ ಒತ್ತಿಕೊಂಡು ಬರುವುದೂ ಈ ಮೂವತ್ತರ ಆಸುಪಾಸಿನಲ್ಲೇ. ಗಂಡಸರಿಗಿಂತ ಹೆಂಗಸರಿಗೆ ಆ ಒತ್ತಡ ಹೆಚ್ಚು. ಅದನ್ನು ಹೆಚ್ಚು ಮಾಡುವವರು ನಾವೇ, ಮನೆಯವರು. ರೂಬಿನ್ ಅವರ ಪತಿ ಕಾರಿನಲ್ಲಿ ಮಾಡಿದ ಊಟವನ್ನು ಹೇಳಿದ್ದು ಅದಕ್ಕೇ.

ಹೊರದೇಶವೇ ಆಗಬೇಕೆಂದೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉನ್ನತ ಶಕ್ತಿ ಭೌತವಿಜ್ಞಾನ ಕೇಂದ್ರ, ಹೆಸರಘಟ್ಟದ ಹಾದಿಯಲ್ಲಿ ಶಿವಕೋಟೆಯ ಹತ್ತಿರ ಇರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಮುಂಬಯಿಯ ಟಾಟಾ ಸಂಸ್ಥೆ, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ, ಇಲ್ಲೆಲ್ಲ ಪೋಸ್ಟ್‌ಡಾಕ್‌ಗಳನ್ನು ತೆಗೆದುಕೊಳ್ಳುತ್ತಾರೆ. ಆದರೆ ಬೇರೊಂದು ಗುಂಪಿನೊಡನೆ ಬೆರೆತು, ತನ್ನ ಗುರುಗಳಿಗಿಂತ ಬೇರೆ ರೀತಿಯಲ್ಲಿ ಯೋಚಿಸುವವರ ಜೊತೆ ಜಗಳವಾಡಿ ಬರುವುದಕ್ಕೆ ಈ ಕ್ಷೇತ್ರದಲ್ಲಿ ಬೆಲೆ ಇದೆ. ಪದವಿ ಕಾಲೇಜಿನ ಕೆಲಸವನ್ನು ನಾನು ಕಡೆಗಣಿಸುತ್ತಿಲ್ಲ. ನನಗೆ ಭೌತವಿಜ್ಞಾನದ ರುಚಿ ಹತ್ತಿಸಿದವರು ಅಂಥದೇ ಕಾಲೇಜಿನ ಒಬ್ಬ ಉಪನ್ಯಾಸಕಿ. ಆದರೆ ಸಂಶೋಧನೆಯಿಂದ ಎರಡು ಮೂರು ವರ್ಷ ದೂರವಾದ ಮೇಲೆ ಮತ್ತೆ ಪೋಸ್ಟ್‌ಡಾಕ್‌ಗೆ ಹೋಗುವುದು ಕಷ್ಟ. ಪೋಸ್ಟ್‌ಡಾಕ್ ಮುಗಿಸಿ ಕಾಲೇಜಿಗೆ ಬರುವುದು ಅಷ್ಟು ಕಷ್ಟವಲ್ಲ. ಎರಡು ಬಾಗಿಲುಗಳಲ್ಲಿ ಯಾವುದು ಮೊದಲು ಮುಚ್ಚುತ್ತದೆ ಎಂಬುದನ್ನು ಲೆಕ್ಕ ಬಲ್ಲ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ.

ಆ ಚೊಂಬಿನ ವಿಚಾರ ಹೇಳುವುದು ಬಾಕಿ ಇದೆ. ಒಂದು ಲೀಟರ್ ಹಿಡಿಯುವ ಚೊಂಬು ಅದು. ಕಪ್ಪು ದ್ರವ್ಯದ ಕಣ ಪ್ರೋಟಾನಿನ ನೂರು ಪಟ್ಟು ಭಾರವೆಂದು ಇಟ್ಟುಕೊಂಡರೆ, ಮೇಜಿನ ಮೇಲಿನ ಆ ಖಾಲಿ ಚೊಂಬಿನಲ್ಲಿ ಯಾವುದೇ ಕ್ಷಣ ಅಂಥ ಸುಮಾರು ಮೂರು ಕಣಗಳಿರುತ್ತವೆ. ಅವು ನಿಲ್ಲುವುದಿಲ್ಲ, ಸೆಕೆಂಡಿಗೆ ಇನ್ನೂರು ಮುನ್ನೂರು ಕಿ.ಮೀ. ವೇಗದಲ್ಲಿ ತಾಮ್ರವನ್ನೂ, ಮೇಜನ್ನೂ, ಭೂಮಿಯನ್ನೂ ತೂರಿ ಹೋಗುತ್ತವೆ. ಮೇಷ್ಟ್ರು ತೂಗಿದ 600 ಗ್ರಾಂ ಒಂದು ನಿಮಿಷದೊಳಗೆ ಹೊರಗೆ ಹೋಗಿ, ಅಷ್ಟೇ ತೂಕದ ಹೊಸದು ಬಂದಿರುತ್ತದೆ.

ಮೇಷ್ಟ್ರೇ, ನಿಮ್ಮ ಮಗಳು ಉತ್ತರ ಕೊಡಬೇಕಾದ ದಿನಕ್ಕೆ ಇನ್ನೂ ಕಾಲವಿದೆ ಎಂದು ಬರೆದಿದ್ದೀರಿ. ಭೂಮಿಯ ಗಾತ್ರದಿಂದ ಗುಣಿಸಿದ ಆ ಲೆಕ್ಕದ ಹಾಳೆಯನ್ನು ನಮಗೆ ಕಳಿಸಿದ್ದೀರಿ. ಅದರ ಒಂದು ಪ್ರತಿಯನ್ನು ಅವಳಿಗೆ ತೋರಿಸಿದ್ದೀರಾ?